ಹನ್ನೊಂದನೇ ಸಹಿ

ನಿಂಬೆಹಣ್ಣಿನ ಗಾತ್ರದ ಸೆನ್ಸರ್.
ಮೊದಲ ದಿನವೇ ಬಕೆಟ್ಟಿನ ನೀರು ನೋಡಿ
ಸೆಂಟಿಮೀಟರು ತಪ್ಪದೆ ಹೇಳಿತ್ತು.
ಆಮೇಲೆ ಹದಿನಾಲ್ಕು ತಿಂಗಳು
ನನ್ನ ಮೇಜಿನ ಕೆಳಗಿನ ಡಬ್ಬಿಯಲ್ಲಿ
ಕಾಲಿಗೆ ತಾಗುತ್ತ ಕೂತಿತ್ತು.

ಟಾಡ್‌ಮಾರ್ಡನ್. ಎರಡು ಗುಡ್ಡಗಳ ಸಂದಿಯಲ್ಲಿ
ಒಂದು ಹೊಳೆ, ಒಂದು ಕಾಲುವೆ, ಒಂದು ರೈಲುಹಳಿ.
ಜೋರು ಮಳೆ ಬಂದರೆ ಮೂರೂ ಒಂದೇ.

ದೇವರು ವರ ಕೊಟ್ಟಾಗಿತ್ತು, ಸ್ವಾಮಿ.
ಪೂಜಾರಿಗಳು ಹನ್ನೊಂದು ಜನ.
ಕಂಬ ದೀಪದವರದು,
ಮೋರಿಯ ಮುಚ್ಚಳ ನೀರಿನ ಕಂಪನಿಯದು,
ಮುಚ್ಚಳದ ಕೆಳಗಿನ ಕತ್ತಲೆ ಯಾರದೆಂದು
ಮೂರು ಪತ್ರ ಬರೆದರೂ ಗೊತ್ತಾಗಲಿಲ್ಲ.
ಕಾನೂನಿನ ನುಸ್ರತ್ ಕೇಳಿದಳು:
"ನೀರಿನ ಎತ್ತರ ಯಾರ ಖಾಸಗಿ ವಿಷಯ?"
ನಕ್ಕೆ. ಅವಳು ನಗಲಿಲ್ಲ.
ಯಾರ ನೆಲಮಾಳಿಗೆಗೆ ನೀರು ಬರುತ್ತದೆಂದು ಊರಿಗೆಲ್ಲ ತಿಳಿದರೆ
ಆ ಮನೆ ಕೊಳ್ಳುವವರು ಯಾರು, ವಿಮೆ ಕೊಡುವವರು ಯಾರು?
ಅದಕ್ಕೆ ನನ್ನ ಹತ್ತಿರ ಅರ್ಜಿನಮೂನೆ ಇರಲಿಲ್ಲ.

ಫೆಬ್ರವರಿಯಲ್ಲಿ ಚರ್ಚಿನ ಹಾಲಿನಲ್ಲಿ ಸಭೆ.
ಬಿಸ್ಕತ್ತು ಜಾಸ್ತಿ, ಜನ ಕಡಿಮೆ.
ಕಂಪನಿಯ ಹುಡುಗ ಪರದೆಯ ಮೇಲೆ
ನೀಲಿ ಬಾಣಗಳನ್ನು ಹರಿಸಿದ.
ಹಿಂದಿನ ಸಾಲಿನಿಂದ ವಿನಿಫ್ರೆಡ್ ಅಕ್ರಾಯ್ಡ್ ಎದ್ದಳು,
ಎಂಬತ್ತೆರಡು, ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.
"ಅದು ಕೇಳಿಸಿಕೊಳ್ಳುತ್ತದಾ?"
"ಇಲ್ಲ ಮೇಡಂ, ಮೈಕ್ ಇಲ್ಲ, ಯಾರ ಮಾತೂ..."
"ಅಯ್ಯೋ, ಅದಲ್ಲ.
ನಾನು ಹೇಳಿದರೆ ಕೇಳಿಸಿಕೊಳ್ಳುತ್ತದಾ?"

ಮರುದಿನ ಅವಳ ಅಡುಗೆಮನೆ.
ಕಪಾಟಿನ ಬಾಗಿಲ ಒಳಮೈ ತುಂಬ ಪೆನ್ಸಿಲ್ ಗೆರೆ.
ಮಕ್ಕಳ ಎತ್ತರ ಅಂದುಕೊಂಡೆ.
ಅಲ್ಲಿ ಬೆಳೆದದ್ದು ನೀರೊಂದೇ:
ಪ್ರತಿ ಗೆರೆಗೂ ತಾರೀಕು, ಗಂಟೆ.
ಮೊಣಕಾಲು. ತೊಡೆ. ಒಮ್ಮೆ ಟೀಪುಡಿಯ ಡಬ್ಬಿ.
"ಸೇತುವೆ ಹತ್ತಿರ ಯಾಕೆ ಹಾಕ್ತೀಯ? ಅದು ಕೊನೆಗೆ ತುಂಬೋದು.
ಗಿರಣಿ ಹಿಂದಿನ ಮೋರಿ ಮೂರು ಸಲ ಗುಟುಕರಿಸುತ್ತೆ.
ಆಮೇಲೆ ಮುಕ್ಕಾಲು ಗಂಟೆ.
ಅಷ್ಟರಲ್ಲಿ ಕಾರ್ಪೆಟ್ ಸುತ್ತಿಡಬಹುದು."

ನಕ್ಷೆ ತಿದ್ದಿದೆವು.
ನುಸ್ರತ್ ಮನೆಮನೆಗೆ ಹೋಗಿ ಕೂತಳು,
ಲೆಕ್ಕದಲ್ಲಿ ಬೀದಿಯಷ್ಟೇ, ಮನೆ ನಂಬರಿಲ್ಲ ಎಂದು
ಕೈಬರಹದಲ್ಲಿ ಬರೆದುಕೊಟ್ಟಳು.
ಒಂಬತ್ತು ಸಹಿ ಬಂದವು.
ಹತ್ತನೆಯವನು ನಿವೃತ್ತನಾದ; ಅವನ ಕುರ್ಚಿಗೆ ಬಂದವಳಿಗೆ
ಬೇಡ ಅನ್ನಬೇಕೆಂದು ಯಾರೂ ಹೇಳಿರಲಿಲ್ಲ.
ಹನ್ನೊಂದನೆಯದು ಮೋರಿ ತೆಗೆಯುವ ಕೆಲ್ವಿನ್ ಆಗ್ಡನ್.
"ಇಪ್ಪತ್ತಾರು ವರ್ಷದಲ್ಲಿ ನನ್ನ ಸಹಿ ಯಾರೂ ಕೇಳಿಲ್ಲ,"
ಅಂದು ಪ್ಯಾಂಟಿಗೆ ಕೈ ಒರೆಸಿಕೊಂಡು
ಎರಡು ಸಲ ಹಾಕಿದ.

ಅಕ್ಟೋಬರ್. ರಾತ್ರಿ ಮೂರೂಕಾಲು.
ಫೋನು ಹೊಡೆದುಕೊಂಡಿತು. ಸೆನ್ಸರ್ ಅಂದುಕೊಂಡೆ.
"ಗುಟುಕರಿಸಿತು," ವಿನಿಫ್ರೆಡ್ ದನಿ,
"ನಿನ್ನ ನಿಂಬೆಹಣ್ಣು ಎದ್ದಿದೆಯೋ ಇಲ್ಲವೋ?"
ಅವಳ ಮಾತು ಮುಗಿಯುವ ಮೊದಲೇ ಅದೂ ಕೂಗಿತು,
ಬೀದಿಯ ಎಲ್ಲರ ದಿಂಬಿನ ಪಕ್ಕದಲ್ಲಿ.
ಕಿಟಕಿಯಲ್ಲಿ ನಿಂತು ಅವಳು ಎಣಿಸತೊಡಗಿದಳು:
"ನಾಲ್ಕನೇ ಮನೆ ದೀಪ ಹತ್ತಿತು. ಆರು. ಏಳು.
ಒಂಬತ್ತು, ಪಾಪ, ಮಗುವೂ ಎದ್ದಿದೆ.
ಹನ್ನೆರಡು ಇನ್ನೂ ಕತ್ತಲೆ.
ಫೋನು ಇಡಬೇಡ, ತಡಿ,
ಬಾಗಿಲು ತಟ್ಟಿ ಬರುತ್ತೇನೆ."