ಚಿಮಣಿಯವನ ಊಟ

ಕಮ್ಮನಹಳ್ಳಿಯ ಈ ಅಂಗಡಿಗೆ ಹನ್ನೊಂದು ಸಲ ಬಂದಿದ್ದೇನೆ,
ಹನ್ನೊಂದು ಸಲವೂ ಏಣಿಯ ಮೇಲೆ.
ಇವತ್ತು ಮೊದಲ ಸಲ ಕುರ್ಚಿ.

ಕುರ್ಚಿ ಎತ್ತರ, ಕಾಲು ನೆಲಕ್ಕೆ ಎಟುಕುವುದಿಲ್ಲ.
ಪಕ್ಕದಲ್ಲಿ ಇಮ್ತಿಯಾಜ್, ಇಸ್ತ್ರಿ ಹಾಕಿದ ಅಂಗಿಯಲ್ಲಿ.
ಉಗುರುಸಂದಿಯ ಸೀಲೆಂಟು ಮಾತ್ರ ಹೋಗಿಲ್ಲ.
ಗೋಡೆಯ ಮೇಲೆ ಕನ್ನಡದಲ್ಲೂ ಬರೆದಿದ್ದಾರೆ:
ತರಕಾರಿ ತೆಂಪುರಾ, ಅನ್ನ, ಸಾರು, ಇನ್ನೂರ ನಲವತ್ತು.
ಸಾರು ಎಂದೇ ಬರೆದಿದ್ದಾರೆ.
ಧೈರ್ಯ ಬಂತು.

ಎಣ್ಣೆಯ ಮುಂದೆ ನಿಂತವನು ಇಬೋಮ್ಚಾ, ಮಣಿಪುರದ ಹುಡುಗ.
ಗುರುಗ್ರಾಮದಲ್ಲಿ ಜಪಾನಿನ ಮುದುಕನೊಬ್ಬನ ಕೈಕೆಳಗೆ ಆರು ವರ್ಷ,
ಮೊದಲೆರಡು ವರ್ಷ ಬರೀ ಮೂಲಂಗಿ ತುರಿದನಂತೆ.
ನಾನೂ ಎರಡು ವರ್ಷ ಬರೀ ರಿವೆಟ್ ಹೆಕ್ಕಿದವನು
ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ.
ಹೇಳೋಣವೆಂದರೆ ಅವನು ಕಿವಿಗೊಟ್ಟು ನಿಂತಿದ್ದ,
ನನಗಲ್ಲ, ಎಣ್ಣೆಗೆ.

ಹಿಟ್ಟು ಕಲೆಸುವುದು ನೋಡಿ ಇಮ್ತಿಯಾಜ್ ಮೊಣಕೈ ತಿವಿದ.
ಐಸ್ ನೀರು, ಮೈದಾ, ಕಡ್ಡಿಯಲ್ಲಿ ನಾಲ್ಕೇ ಸುತ್ತು,
ಗಂಟುಗಂಟಾಗಿಯೇ ಬಿಟ್ಟುಬಿಟ್ಟ ಪುಣ್ಯಾತ್ಮ!
ಬಜ್ಜಿ ಹಿಟ್ಟಿನಲ್ಲಿ ಒಂದು ಗಂಟು ಸಿಕ್ಕರೆ
ನಮ್ಮತ್ತಿಗೆ ಮೂರು ದಿನ ಮುಖ ಊದಿಸುತ್ತಿದ್ದಳು.
ಇಲ್ಲಿ ಗಂಟೇ ಬೇಕಂತೆ,
ಅದೇ ಸಿಡಿದು ಅರಳುವುದಂತೆ.

ಬಂತು. ಒಟ್ಟಿಗಲ್ಲ, ಒಂದೊಂದಾಗಿ,
ಎರಡನೇ ಪಂಕ್ತಿ ಹಿಂದೆ ಕಾಯುತ್ತಿಲ್ಲವೆಂಬ ಹಾಗೆ.
ಬೆಂಡೆ.
ಸಿಹಿಗುಂಬಳದ ಹೋಳು, ಸಿಪ್ಪೆಯ ಹಸಿರು ಅಂಚು ಹಾಗೇ.
ಬೀಸಣಿಗೆಯಂತೆ ಸೀಳಿದ ಬದನೆ.
ಆಮೇಲೆ ಒಂದೇ ಮಗ್ಗುಲಿಗೆ ಹಿಟ್ಟು ಹಚ್ಚಿದ ಎಲೆ,
ಬಾಯಿಗಿಟ್ಟರೆ ದೊಡ್ಡಪತ್ರೆ!
'ಅವರ ಎಲೆ ಬಹಳ ದುಬಾರಿ ಅಣ್ಣಾ,' ಎಂದ,
ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ,
'ಇದು ಹಿಂದಿನ ಮನೆ ಅಜ್ಜಿಯ ಕುಂಡದ್ದು, ಹಿಡಿಗೆ ಹತ್ತು ರೂಪಾಯಿ.'
ನೆಗಡಿಯ ಎಲೆ ಗರಿಗರಿ ಬಟ್ಟೆ ತೊಟ್ಟು ಬಂದದ್ದಕ್ಕೆ
ಇಬ್ಬರೂ ನಕ್ಕೆವು.

ಇಮ್ತಿಯಾಜ್ ಕಡ್ಡಿ ಹಿಡಿದದ್ದು ತಗಡಿನ ಕತ್ತರಿ ಹಿಡಿದ ಹಾಗೆ.
ಮೇಲೆ ನೂರಿಪ್ಪತ್ತು ಕೊಟ್ಟು ತರಿಸಿದ ಸಿಗಡಿ ಜಾರಿ
ಸಾರಿನೊಳಗೆ ಮುಳುಗಿತು.
'ಕೈಯಲ್ಲೇ ತಿನ್ನಿ. ನಮ್ಮ ಗುರುವೂ ಮನೇಲಿ ಹಾಗೇ.'

ಚೆನ್ನಾಗಿತ್ತು. ಹಲ್ಲಿಗೆ ಸದ್ದು, ನಾಲಿಗೆಗೆ ಹಗುರ.
ಆದರೂ ತಿನ್ನುತ್ತಾ ತಿನ್ನುತ್ತಾ ಏನೋ ಕಡಿಮೆ.
ಉಪ್ಪಲ್ಲ. ಖಾರವಲ್ಲ,
ಖಾರ ಇರಲೇ ಇಲ್ಲ, ಅದು ಬೇರೆ ಮಾತು.
ವಾಸನೆ.
ಬಾಣಲೆಯ ಎದುರಿಗೇ ಕೂತು ಕರಿದ ವಾಸನೆ ಇಲ್ಲ!

ತಲೆಯೆತ್ತಿದೆ.
ಮೇಲೆ ನನ್ನದೇ ತಗಡು, ಇಪ್ಪತ್ತೆರಡು ಗೇಜು, ಮೂರು ಎಲ್ಬೋ,
ಕೊನೆಯಲ್ಲಿ ಅದುರದ ಫ್ಯಾನು.
ಬೆಂಡೆಯದ್ದು, ಬದನೆಯದ್ದು, ಸಿಗಡಿಯದ್ದು,
ಒಂದೆಳೆಯೂ ಬಿಡದೆ ಎಳೆದೊಯ್ಯುತ್ತಿದೆ.
ಅಷ್ಟು ಚೆನ್ನಾಗಿ ಮಾಡಿಟ್ಟಿದ್ದೆ ಕೆಲಸ.

ಸುಗುಣಾ ಮೇಡಂ ದುಡ್ಡು ಬೇಡವೆಂದರು.
ನಿಮ್ಮ ಆರು ಸಾವಿರ ಬಾಕಿ ಇದೆಯಲ್ಲಾ, ಎಂದು ರಾಗ ಎಳೆದರು.
ಬಾಕಿ ಬೇರೆ ಬಿಲ್ಲು ಬೇರೆ ಮೇಡಂ, ಎಂದೆ.
ಚಿಲ್ಲರೆ ಸಮೇತ ಎಣಿಸಿಕೊಟ್ಟೆ.
ಬಾಕಿ ಶನಿವಾರವಂತೆ.

ಗಾಡಿ ಮುಂದಿನ ರಸ್ತೆಯಲ್ಲಿತ್ತು.
ಆದರೂ ಹಿಂದಿನ ಓಣಿಗೆ ನಡೆದೆವು.
ಗೋಡೆಯಿಂದ ಹೊರಚಾಚಿದ ನನ್ನ ಕೊಳವೆಯ ಬಾಯಿ,
ಅದರ ಕೆಳಗೆ ಆಟೋ ಸೀಟು ಹೊಲಿಯುವವನು,
ಬ್ಯಾಗು ಹೊತ್ತ ಇಬ್ಬರು ಶಾಲೆ ಹುಡುಗಿಯರು,
ಕುಂಡಕ್ಕೆ ನೀರು ಹಾಕುವ ನೆಪದ ಅಜ್ಜಿ,
ಒಂದು ಬಿಳಿ ನಾಯಿ.
ಯಾರ ಕೈಯಲ್ಲೂ ಏನೂ ಇಲ್ಲ,
ಮೂಗು ಮಾತ್ರ ಮೇಲಕ್ಕೆ.

'ಈಗ ಬದನೆ,' ಎಂದಳು ಒಬ್ಬಳು.
'ಅಲ್ಲ ಕಣೇ, ಕುಂಬಳ.'
ಅಜ್ಜಿ ಚೊಂಬು ಕಂಕುಳಿಗೆ ಏರಿಸಿ
ಒಂದು ಹೆಜ್ಜೆ ಸರಿದು
ನಮಗೂ ಜಾಗ ಬಿಟ್ಟಳು.