ಹೊಟ್ಟೆಪಾಡು

ನನ್ನ ಒಲೆ ನೆಲದಲ್ಲಿ ತೋಡಿದ ಬಾವಿ.
ತೋನೆ ಅನ್ನುತ್ತೇವೆ. ತಳದಲ್ಲಿ ನೀರಿಲ್ಲ, ಕೆಂಡ.
ನಾದಿದ ಹಿಟ್ಟನ್ನು ದೋಣಿಯ ಹಾಗೆ ಎಳೆದು
ಸೊಂಟದವರೆಗೆ ಒಳಗೆ ಬಾಗಿ
ಗೋಡೆಗೆ ತಟ್ಟಬೇಕು, ಉಸಿರು ಬಿಡುವ ಮೊದಲೇ ಏಳಬೇಕು.
ಇಪ್ಪತ್ತೇಳು ವರ್ಷ ಬಾಗಿದೆ, ಎದ್ದೆ,
ಕುಟಾಯಿಸಿಯ ಅರ್ಧ ಪೇಟೆಗೆ ಬೆಳಗಿನ ರೊಟ್ಟಿ ಕೊಟ್ಟೆ.

ಈ ಮಾಗಿಯ ಒಂದು ನಸುಕಿನಲ್ಲಿ
ಬಾಗಿದರೆ ಅಂಗಿ ಸುಟ್ಟ ವಾಸನೆ.
ಹಿಟ್ಟಿಗಿಂತ ಮೊದಲು ಒಲೆಯ ಬಾಯಿಗೆ
ನನ್ನ ಹೊಟ್ಟೆ ತಾಗಿತ್ತು.
ಹೊಕ್ಕುಳ ಕೆಳಗೆ ಡೊಂಕಾದ ಕೆಂಪು ಗೆರೆ,
ಯಾರೋ ಮುಸಿಮುಸಿ ನಕ್ಕ ಹಾಗೆ.
ಹೊಟ್ಟೆಪಾಡಿಗೆ ಹೊಟ್ಟೆಯೇ ಅಡ್ಡ ಬಂದರೆ
ಯಾರ ಮೇಲೆ ದೂರು ಕೊಡಲಿ?

ಮುಲಾಮು ಹಚ್ಚಿದ ನರ್ಸ್ ನೆಸ್ತಾನ್
ಸುಟ್ಟದ್ದನ್ನು ಬಿಟ್ಟು ಸುಡದೆ ಉಳಿದದ್ದನ್ನೆಲ್ಲ ಅಳೆದಳು.
ರಟ್ಟಿನ ಮೇಲೆ ತೊಂಬತ್ತು ಮನೆ ಕೊರೆದಳು.
ರೊಟ್ಟಿ ಇಲ್ಲ. ವೈನ್ ಇಲ್ಲ. ಸಕ್ಕರೆ ಇಲ್ಲ.
ಬಗ್ರಾತಿ ಗುಡ್ಡದ ಮೆಟ್ಟಿಲು ದಿನಕ್ಕೊಮ್ಮೆ.
ರಾತ್ರಿ ಎಂಟಕ್ಕೆ ಬಾಯಿಗೆ ಬೀಗ.
"ಒಬ್ಬನೇ ಆದರೆ ನಿನಗೆ ನೀನೇ ಸುಳ್ಳು ಹೇಳುತ್ತೀಯ.
ಜೋಡಿ ಹುಡುಕಿಕೋ. ಒಬ್ಬರು ಮುರಿದರೆ
ಇಬ್ಬರಿಗೂ ಮತ್ತೆ ಒಂದನೇ ದಿನ."

ಸಿಕ್ಕವಳು ಅಕ್ಕ ಲಮ್ಜೀರಾ,
ಅಕ್ರೋಟನ್ನು ದಾರಕ್ಕೆ ಪೋಣಿಸಿ
ಕುದಿಸಿದ ದ್ರಾಕ್ಷಿರಸದಲ್ಲಿ ಅದ್ದಿ ಮಾರುವವಳು,
ಬೆರಳು ನೆಕ್ಕುವುದನ್ನೇ ಕಸುಬು ಮಾಡಿಕೊಂಡವಳು.

ಮೊದಲ ದಿನ ಮೆಟ್ಟಿಲು ಎಣಿಸುತ್ತ ಹೋದೆವು.
ನಲವತ್ತೆರಡಕ್ಕೆ ಅವಳು ಕೂತಳು, ನಲವತ್ತಮೂರಕ್ಕೆ ನಾನು.
ಒಂದು ಆಡು ನಮ್ಮನ್ನು ದಾಟಿ ಮೇಲೆ ಹೋಯಿತು,
ಏನೋ ಮೆಲ್ಲುತ್ತ.
ಕೆಳಗೆ ರಿಯೋನಿ ಹೊಳೆ ಬಿಳಿ ಕಲ್ಲುಗಳ ಮೇಲೆ
ಬೊಜ್ಜಿಲ್ಲದ ಮೈಯಲ್ಲಿ ಓಡುತ್ತಿತ್ತು.
ರಾತ್ರಿ ಬೇಯಿಸಿದ ಬೀನ್ಸು, ಸೌತೆಕಾಯಿ.
ಕೈ ತಾನಾಗಿ ತಟ್ಟೆಯ ಪಕ್ಕ ತಡಕಿತು,
ರೊಟ್ಟಿ ಇರುತ್ತಿದ್ದ ಜಾಗವನ್ನು.

ಎರಡನೇ ನಸುಕು. ಮೊದಲ ರೊಟ್ಟಿ ಕೊಕ್ಕೆಗೆ ಸಿಕ್ಕಿ ಮೇಲೆ ಬಂತು.
ತುದಿ ಮುರಿದು ನೋಡದೆ
ಬೆಂದಿದೆಯೆಂದು ಹೇಗೆ ಹೇಳಲಿ?
ಮುರಿದೆ. ನೋಡಿದೆ.
ನೋಡಿದ್ದು ಬಾಯಿಂದ.
ಎರಡನೇ ಮನೆಗೆ ಗುರುತು ಹಾಕಿದೆ, ದಪ್ಪಗೆ.
ಮೂರಕ್ಕೂ. ನಾಲ್ಕಕ್ಕೂ.

ಐದನೇ ದಿನ ನೆರೆಯ ಜುಂಬೇರನ ವರ್ಷದ ಊಟ.
ಸತ್ತವರ ಹೆಸರಿಗೆ ನೀರು ಎತ್ತುವುದಿಲ್ಲ ನಮ್ಮಲ್ಲಿ.
ವೈನ್ ಎತ್ತಿದೆ, ರೊಟ್ಟಿಯ ಮೇಲೆ ನಾಲ್ಕು ಹನಿ ಚೆಲ್ಲಿದೆ,
ತುಟಿಗೆ ತಾಗಿಸದೆ ಇಳಿಸಿದೆ.
ಎದುರು ಸಾಲಿನಲ್ಲಿ ಅಕ್ಕ ನನ್ನನ್ನು ಮೆಚ್ಚಿ ನೋಡುತ್ತಿದ್ದಳು.
ಒಲೆಯ ಬಾಯಿ ಅಷ್ಟು ಸುಟ್ಟಿರಲಿಲ್ಲ.

ಹತ್ತು ಗಂಟೆಗೆ ಬಾಗಿಲು ತಟ್ಟಿದಳು, ರಟ್ಟು ಕಂಕುಳಲ್ಲಿ.
"ಮೂರನೇ ದಿನ, ಓತಿಯಾ, ಒಂದಿಡೀ ಖಚಾಪುರಿ.
ಚೀಸು ಇನ್ನೂ ಕುದಿಯುತ್ತಿತ್ತು. ನಿಂತೇ ತಿಂದೆ,
ಕೂತರೆ ಊಟ ಅನ್ನಿಸಿಕೊಳ್ಳುತ್ತದೆ ಅಂತ.
ಹೊಟ್ಟೆಗೆ ಹಾಕಿಕೊಳ್ಳೋ."

ನನ್ನ ಹೊಟ್ಟೆ!
ಏನೇನನ್ನೆಲ್ಲ ಹಾಕಿಕೊಂಡಿದೆ ಇಷ್ಟು ವರ್ಷ,
ಅವಳ ಒಂದು ಖಚಾಪುರಿಗೆ ಜಾಗವಿಲ್ಲವೆ?
ದೊಡ್ಡ ಮನುಷ್ಯನ ಹಾಗೆ ಹೋಗಲಿ ಬಿಡು ಅನ್ನಬಹುದಿತ್ತು.
ಬಾಯಿ ತೆರೆದರೆ ಬಂದದ್ದು:
"ರೊಟ್ಟಿಯ ತುದಿ. ಎರಡನೇ ದಿನ.
ಮೂರನೇ ದಿನ ಎರಡೂ ತುದಿ.
ನಿನ್ನೆ ನಡುವೂ."

ಅದೇ ರಟ್ಟಿನಿಂದ ಬೆನ್ನಿಗೊಂದು ಕೊಟ್ಟಳು.
ಆಮೇಲೆ ನಕ್ಕೆವು; ನನ್ನ ಕೆಂಪು ಗೆರೆ ಚುರುಗುಟ್ಟುವಷ್ಟು.
ರಟ್ಟು ಮಗುಚಿದೆವು. ಹಿಂಬದಿ ಖಾಲಿಯಿತ್ತು.
ನೆಸ್ತಾನಳಷ್ಟು ನೆಟ್ಟಗೆ ಗೆರೆ ಬರಲಿಲ್ಲ,
ಕೊನೆಯ ಹತ್ತು ಮನೆ ಅಂಚಿಗೆ ಒತ್ತಿಕೊಂಡು ಕೂತವು.

ಬೆಳಗಿನ ಮೊದಲ ರೊಟ್ಟಿ.
ರಸ್ತೆ ಗುಡಿಸುವ ಎತೇರಿಯನ್ನು ಕರೆದೆ:
"ತುದಿ ಮುರಿ. ತಿಂದು ಹೇಳು."
ಪೊರಕೆ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಮುರಿದಳು.
ಆವಿ ಅವಳ ಕನ್ನಡಕಕ್ಕೆ ಏರಿತು.
"ಬೆಂದಿದೆ," ಅಂದಳು, ಬಾಯಿ ತುಂಬ.
ಅವಳ ದವಡೆ ಆಡುವುದನ್ನು
ಕೊನೆಯ ತುತ್ತಿನವರೆಗೆ ನೋಡುತ್ತ ನಿಂತೆ.

ಒಂದನೇ ದಿನ.