ಬಾಕಿ ಎಪ್ಪತ್ತೈದು ಸೆಂಟ್

ಎಲ್ಲರಿಗಿಂತ ದೊಡ್ಡವರು ಯಾರು ಅಂತ ಕೇಳುತ್ತಾರೆ
ಕ್ಯಾಮೆರಾ ಹೊತ್ತು ನ್ಯೂ ಆರ್ಲಿಯನ್ಸಿಗೆ ಬಂದವರು.
ನಾನು ಹಿತ್ತಾಳೆಯ ತಗ್ಗು ಎತ್ತುವವಳು, ನನ್ನನ್ನು ಕೇಳಿದರೆ?
ಈ ಅಂಗಡಿ ಅಪ್ಪನದು. ಬೋರ್ಡಿನಲ್ಲಿ ಇನ್ನೂ ಅವನೇ:
ಫ್ಲೋರೆಸ್ತಾನ್ ದುವರ್ನೆ, ವಾದ್ಯ ರಿಪೇರಿ.
ಮಗಳ ಹೆಸರು ಬರೆಸಲು ಬಣ್ಣ ದುಬಾರಿ.

ವಾದ್ಯ ಕೈಗೆ ಬಂದರೆ ಮೊದಲು ಮೂಸುತ್ತೇನೆ.
ಜಿನ್ ಕುಡಿಯುವವನದು ಒಂದು ವಾಸನೆ,
ಜಿನ್ ಬಿಟ್ಟೆ ಅನ್ನುವವನದು ಪುದೀನಾದ್ದು.
ಬೆರಳು ಸವೆಸಿದ ಜಾಗ ನೋಡಿ
ಯಾವ ಸ್ವರಕ್ಕೆ ಹೆದರುತ್ತಾನೆ ಅಂತ ಹೇಳಬಲ್ಲೆ.
ದೊಡ್ಡವನೋ ಅಲ್ಲವೋ, ಅದು ತಿಳಿಯುವುದಿಲ್ಲ.

ಒಬ್ಬನಿದ್ದ, ಅಲ್ಸೀಡ್ ಟೂರೋ.
ಹಗಲು ಬಂದರಿನಲ್ಲಿ ಬಾಳೆಗೊನೆ ಇಳಿಸುವುದು, ರಾತ್ರಿ ಕಾರ್ನೆಟ್.
ಅವನದೊಂದು ರೆಕಾರ್ಡಿಲ್ಲ. ಫೋಟೋ ಒಂದಿದೆ,
ಅದರಲ್ಲಿ ಪಕ್ಕದವನ ಟ್ಯೂಬಾ ಮುಖಕ್ಕೆ ಅಡ್ಡ.
ಕಾರ್ನೆಟ್ಟಿನ ನಡುವಿನ ಗುಂಡಿ ಒತ್ತಿದರೆ ಇಳಿಯುತ್ತಿತ್ತು,
ಏಳುವಾಗ ಮಾತ್ರ ರಚ್ಚೆ ಹಿಡಿದ ಕೂಸು.
ಸ್ಪ್ರಿಂಗು ಸತ್ತಿತ್ತು.
ಅಪ್ಪನ ಹತ್ತಿರ ತಂದ. ಹಳೆಯ ಬಾಕಿ ಎಪ್ಪತ್ತೈದು ಸೆಂಟ್.
ಅದನ್ನು ಕೊಡು, ಇದನ್ನು ಮಾಡುತ್ತೇನೆ, ಅಂದ ಅಪ್ಪ.
ಅಲ್ಸೀಡ್ ನಕ್ಕ. ವಾದ್ಯವನ್ನು ಕೋಟಿನೊಳಗೆ ಸೇರಿಸಿ
ಹಾಗೇ ಹೋದ.

ಆ ಶನಿವಾರ ಯಾರದೋ ಶವಯಾತ್ರೆ.
ಹೋಗುವಾಗ ನಿಧಾನ, ಮಣ್ಣು ಮುಗಿಸಿ ಬರುವಾಗ ಕುಣಿತ.
ನನಗೆ ಆರು ವರ್ಷ, ಅಪ್ಪನ ಹೆಗಲ ಮೇಲೆ.
ಮೂರನೆಯ ಸ್ವರ ಮುಗಿಯಿತು, ನಾಲ್ಕನೆಯದು ಬರಬೇಕು,
ಗುಂಡಿ ಏಳಲಿಲ್ಲ.
ಅವನು ಕಾದ.
ಅರ್ಧ ಉಸಿರು.
ಕುಣಿಯುವವರ ಎತ್ತಿದ ಕಾಲು ಎತ್ತಿದಂತೆಯೇ,
ವಿಧವೆ ಕೊಡೆಯ ಕೆಳಗಿಂದ ತಲೆಯೆತ್ತಿ ನೋಡಿದಳು.
ಆಮೇಲೆ ಬಂತು ಸ್ವರ,
ಮದುವೆಮನೆಗೆ ತಡವಾಗಿ ಬಂದ ಹಳೆಯ ಅಳಿಯನ ಹಾಗೆ,
ತಪ್ಪೆಲ್ಲ ಉಳಿದವರದೇ ಎಂಬಂತೆ.

ಅವನ ಹಿಂದೆ ಪೆಟ್ಟಿಗೆ ಹೊರುತ್ತಿದ್ದ ಇಗ್ನೇಸ್
ಎಲ್ಲ ಕಲಿತ, ಆ ಕಾಯುವುದನ್ನೂ ಕಲಿತ.
ಅವನ ಗುಂಡಿಗಳಿಗೇನೂ ಆಗಿರಲಿಲ್ಲ.
ರೈಲು ಹತ್ತಿದ. ಶಿಕಾಗೊದ ಒಂದು ನೆಲಮಾಳಿಗೆಯಲ್ಲಿ
ಪಿಯಾನೊದ ವರ್ಲೀನ್ ಅದನ್ನು ಕೇಳಿ ಎಡಗೈಗೆ ಇಳಿಸಿಕೊಂಡಳು.
ಅವಳಿಂದ ಹಾರ್ಲೆಮಿನ ಒಬ್ಬನ ಸ್ಯಾಕ್ಸಫೋನಿಗೆ;
ಅವನು ಜೈಲಿನಲ್ಲಿ ಶಿಳ್ಳೆ ಹಾಕಿದ್ದನ್ನು ಪಕ್ಕದ ಕೋಣೆಯವನು ಹಿಡಿದ.
ಆಮೇಲೊಬ್ಬ ಆ ಸಂದನ್ನು ಎಷ್ಟು ವೇಗವಾಗಿ ದಾಟಿದನೆಂದರೆ
ಇತ್ತೆಂದು ಗೊತ್ತಾಗುತ್ತಿದ್ದದ್ದು ಮನೆ ಸೇರಿದ ಮೇಲೆ.
ಇನ್ನೊಬ್ಬ ಅದನ್ನೇ ಎಳೆದ, ಎಳೆದ,
ಅರ್ಧ ಸಭೆ ಎದ್ದು ಹೋಯಿತು.
ಕೂತವರು ಮಾರನೆಯ ದಿನ ವಾದ್ಯ ಕೊಂಡರು.

ಇದರಲ್ಲಿ ಸುಳ್ಳೂ ಇರಬಹುದು.
ನನಗೆ ಬಂದದ್ದು ರಿಪೇರಿಗೆ ಬಂದವರ ಬಾಯಿಂದ,
ತುಟಿ ಊದಿಕೊಂಡವರ ಮಾತು.

ಇವತ್ತು ಒಸಾಕಾದಿಂದ ಒಬ್ಬ ಹುಡುಗಿ.
ಹೊಚ್ಚ ಹೊಸ ಟ್ರಂಪೆಟ್, ವಿಮಾನದವರು ಸೊಟ್ಟ ಮಾಡಿದ್ದು.
ತಗ್ಗು ಎತ್ತಿದೆ, ಎಣ್ಣೆ ಬಿಟ್ಟೆ, ಊದಿ ನೋಡು ಅಂದೆ.
ಒಂದು. ಎರಡು. ಮೂರು.

ನಾಲ್ಕು.

ಗುಂಡಿ ಸಿಕ್ಕಿಕೊಳ್ಳುತ್ತಾ? ಕೇಳಿದೆ.
ಇಲ್ಲವಲ್ಲ, ಅಂದಳು. ಅಲ್ಲಿ ಹಾಗೇ ಅಲ್ಲವಾ ಇರುವುದು?

ಅಟ್ಟದಿಂದ ಅಪ್ಪನ ಲೆಕ್ಕದ ಪುಸ್ತಕ ಇಳಿಸಿದ್ದೇನೆ.
ಗೆದ್ದಲು ತಿಂದು ಉಳಿದ ಹಾಳೆ, ಸಾವಿರದ ಒಂಬೈನೂರ ಇಪ್ಪತ್ತೊಂದು:
ಟೂರೋ, ಎಪ್ಪತ್ತೈದು ಸೆಂಟ್.
ಸಾಯುವ ತನಕ ಅಪ್ಪ ಅದನ್ನು ಹೊಡೆದು ಹಾಕಲಿಲ್ಲ.
ಪೆನ್ನು ಹಿಡಿದು ಕೂತಿದ್ದೇನೆ.
ಜಮೆಗೆ ಬರೆಯಲೋ, ಖರ್ಚಿಗೋ, ಯಾರ ಹೆಸರಿಗೆ?
ಹುಡುಗಿ ಬಿಲ್ಲಿಗಾಗಿ ಬಾಗಿಲಲ್ಲಿ ನಿಂತಿದ್ದಾಳೆ,
ಪರ್ಸು ತೆರೆದು.